ಕೆಸಿ ವ್ಯಾಲಿ: ನೀರು ಕೋಲಾರಕ್ಕೆ ಬಂತು, ಲೆಕ್ಕ ಬೆಂಗಳೂರಲ್ಲೇ ಉಳೀತು

ಬೆಂಗಳೂರಲ್ಲಿ ತಿಂಗಳಾ ತಿಂಗಳಾ ಬರೋ ವಾಟರ್ ಬಿಲ್ಲಲ್ಲಿ ಸ್ಯಾನಿಟರಿ ಚಾರ್ಜ್ ಅಂತ ಒಂದು ಸಾಲು ಇರುತ್ತೆ, ಒಟ್ಟು ಎಷ್ಟು ಅಂತ ನೋಡಿ ಫೋನ್‌ಪೇ ಮಾಡಿ ಮುಗಿಸೋ ನಮ್ಗೆ ಅದು ಕಣ್ಣಿಗೇ ಬೀಳಲ್ಲ. ಆ ಸಾಲಿನ ಇನ್ನೊಂದು ತುದಿ ಎಲ್ಲಿದೆ ಗೊತ್ತಾ, ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೇಲಿ. ಹಲಸೂರು, ಇಂದಿರಾನಗರ, ಕೋರಮಂಗಲ, ಮಡಿವಾಳ ಕಡೆ ಮನೆಗಳ ಬಚ್ಚಲು, ಕಕ್ಕಸು, ವಾಷಿಂಗ್ ಮೆಷಿನ್ ನೀರು ಒಳಚರಂಡೀಲಿ ಇಳ್ಕೊಂಡು ಬೆಳ್ಳಂದೂರು ಹತ್ರದ ಎಸ್‌ಟಿಪಿಗಳಿಗೆ, ಅಂದ್ರೆ ಕೊಳಚೆ ನೀರು ಶುದ್ಧ ಮಾಡೋ ಪ್ಲಾಂಟುಗಳಿಗೆ ಹೋಗಿ, ಅಲ್ಲಿ ಒಂದು ಮಟ್ಟಕ್ಕೆ ಕ್ಲೀನ್ ಆಗಿ, ದಪ್ಪ ಪೈಪಲ್ಲಿ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ಪಂಪ್ ಆಗಿ ಆ ಕೆರೆಗೆ ಬೀಳುತ್ತೆ. ಇದೇ ಕೆಸಿ ವ್ಯಾಲಿ ಯೋಜನೆ, ಅಂದ್ರೆ ಕೋರಮಂಗಲ ಚಲ್ಲಘಟ್ಟ ಕಣಿವೆ. ದಿನಕ್ಕೆ 440 ಎಂಎಲ್‌ಡಿ, ಅಂದ್ರೆ 44 ಕೋಟಿ ಲೀಟರ್ ಕೊಡ್ತೀವಿ ಅನ್ನೋದು ಮಾತು. ಹನ್ನೆರಡು ಸಾವಿರ ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ 36 ಸಾವಿರಕ್ಕೂ ಜಾಸ್ತಿ ಟ್ಯಾಂಕರ್ ಆಯ್ತು. ಹೇಳಿದಷ್ಟು ಬರ್ತಿಲ್ಲ ಅನ್ನೋ ದೂರು ಮೊದಲಿಂದಾನೂ ಇದೆ, ಅದು ಬೇರೆ ವಿಷ್ಯ.

ಈ ಯೋಜನೆ ಬಗ್ಗೆ ಪರ ವಿರೋಧ ಎರಡೂ ಕಡೆ ಬೇಕಾದಷ್ಟು ಬರೆದಿದ್ದಾರೆ. ನಾನು ಇಲ್ಲಿ ನೋಡೋಕೆ ಹೊರಟಿರೋದು ಒಂದೇ ವಿಷ್ಯ: ಕೊಳಚೆ ನೀರು ಸಂಭಾಳಿಸೋ ಬೆಂಗಳೂರು ಜಲಮಂಡಳಿ, ತನ್ನ ನೀರು ಹೋಗಿ ಸೇರೋ ಊರಿನ ಜನಕ್ಕೆ ಏನು ಹೇಳ್ತು, ಏನು ಹೇಳ್ಲಿಲ್ಲ, ಹೇಳದೆ ಇದ್ದಿದ್ದಕ್ಕೆ ಏನಾಯ್ತು.

ಮೊದ್ಲು ಕೋಲಾರದ ಸ್ಥಿತಿ ಗೊತ್ತಿರ್ಬೇಕು. ವರ್ಷಪೂರ್ತಿ ಹರಿಯೋ ನದಿ ಅಂತ ಆ ಜಿಲ್ಲೆಗೆ ಒಂದೂ ಇಲ್ಲ. ಇರೋದು ಕೆರೆ, ಒಂದರ ಕೋಡಿ ಬಿದ್ದು ಇನ್ನೊಂದಕ್ಕೆ, ಅದರ ಕೋಡಿ ಮುಂದಿನದಕ್ಕೆ, ಹೀಗೆ ಸರಪಳಿ ಥರ ಸಾವಿರಾರು ಕೆರೆ. ಮಳೆ ಕೈಕೊಟ್ಟು, ರಾಜಕಾಲುವೆ ಮುಚ್ಚಿಹೋಗಿ, ನೀಲಗಿರಿ ತೋಪು ಎದ್ದು, ಕೆರೆಗಳೆಲ್ಲ ಜಾಲಿ ಮುಳ್ಳಿನ ಕಾಡಾಗಿದ್ವು. ಬೋರ್‌ವೆಲ್ ಸಾವಿರ ಅಡಿ ದಾಟಿ, ಕೆಲವು ಕಡೆ ಸಾವಿರದೈನೂರಕ್ಕೂ ಹೋಗಿ, ಸಿಕ್ಕಿದ ನೀರಲ್ಲಿ ಫ್ಲೋರೈಡು. ರೈತರು ಎಷ್ಟೋ ವರ್ಷದಿಂದ ಕೇಳ್ತಾ ಇದ್ದಿದ್ದು ಶಾಶ್ವತ ನೀರಾವರಿ, ಪಶ್ಚಿಮಕ್ಕೆ ಹರಿಯೋ ನದಿ ನೀರನ್ನ ಬಯಲುಸೀಮೆಗೆ ತರ್ಬೋದು ಅಂದಿದ್ದ ಪರಮಶಿವಯ್ಯ ವರದಿ ಜಾರಿ ಮಾಡಿ ಅಂತ. 2016ರ ಮಾರ್ಚಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಟ್ರ್ಯಾಕ್ಟರ್ ತಗೊಂಡು ಬೆಂಗಳೂರಿಗೇ ಬಂದಿದ್ರು, ಲಾಠಿ ಏಟೂ ತಿಂದ್ರು. ಅದೇ ವರ್ಷ ಕೆಸಿ ವ್ಯಾಲಿಗೆ ಶಂಕುಸ್ಥಾಪನೆ ಆಯ್ತು, ಸುಮಾರು 1,300 ಕೋಟಿ ರೂಪಾಯಿ ಕೆಲ್ಸ, 126 ಕೆರೆ ತುಂಬಿಸೋದು. ನದಿ ನೀರು ಕೇಳಿದೋರಿಗೆ ಚರಂಡಿ ನೀರು ಅಂತ ವಿರೋಧ ಮಾಡೋರು ಅಂದ್ರು. ಸಿಟ್ಟಿನ ಮಾತು ಅನ್ನಿ, ಆದ್ರೆ ಯೋಜನೆ ಶುರುವಾದ ಮನಸ್ಥಿತಿ ಅದೇ, ಹಂಗಾಗಿ ಇಲ್ಲಿ ಮಾಹಿತಿ ಕೊಡೋ ಕೆಲ್ಸ ಪೈಪ್ ಹಾಕೋದಕ್ಕಿಂತ ಒಂದು ಹೆಜ್ಜೆ ಮುಂದೆ ಇರ್ಬೇಕಿತ್ತು.

2018ರ ಜೂನಲ್ಲಿ ಮೊದಲ ನೀರು ಲಕ್ಷ್ಮೀಸಾಗರಕ್ಕೆ ಬಂತು. ಕೆರೆಗೆ ನೀರು ಬಂದ್ರೆ ನಮ್ಮ ಕಡೆ ಏನು ಮಾಡ್ತಾರೋ ಅದೇ ಮಾಡಿದ್ರು, ಪೂಜೆ, ಬಾಗಿನ, ನೋಡೋಕೆ ಜನಜಾತ್ರೆ. ಮುಂದಿನ ತಿಂಗಳೇ ಅದೇ ಕೆರೇಲಿ ನೊರೆ. ಬಿಳೀ ನೊರೆ, ಪೈಪ್ ಬಾಯಿಂದ ಶುರುವಾಗಿ ನೀರಿನ ಮೇಲೆ ತೇಲ್ತಾ ಇತ್ತು. ಈಗ ಯೋಚ್ನೆ ಮಾಡಿ, 2015ರಿಂದ ಬೆಳ್ಳಂದೂರು ಕೆರೆ ನೊರೆ ರಸ್ತೆಗೆ ಹಾರಿ ಬೈಕ್ ಮೇಲೆ ಬೀಳೋದನ್ನ, 2017 ಫೆಬ್ರವರೀಲಿ, ಆಮೇಲೆ 2018 ಜನವರೀಲಿ ಅದೇ ಕೆರೆಗೆ ಬೆಂಕಿ ಬಿದ್ದಿದ್ದನ್ನ ಟಿವೀಲಿ ನೋಡಿದ್ದ ಜನ ಇವ್ರು. ನೀರು ಬೆಳ್ಳಂದೂರು ಕಡೆಯಿಂದ ಬರ್ತಿದೆ ಅಂತಾನೂ ಗೊತ್ತು. ಕೆರೆ ನೀರು ಬೇರೆ, ಪಕ್ಕದ ಎಸ್‌ಟಿಪಿಯಿಂದ ಬರೋ ನೀರು ಬೇರೆ ಅನ್ನೋದನ್ನ ಯಾರಾದ್ರೂ ಮುಂಚೇನೇ ಕೂತು ಹೇಳಿದ್ರೆ ತಾನೇ ವ್ಯತ್ಯಾಸ ತಿಳಿಯೋದು. ಪಂಪಿಂಗ್ ನಿಲ್ಸಿದ್ರು, ಸ್ಯಾಂಪಲ್ ತಗೊಂಡ್ರು, ವಿಷ್ಯ ಹೈಕೋರ್ಟಿಗೆ ಹೋಯ್ತು, ಜುಲೈಯಲ್ಲೇ ತಡೆಯಾಜ್ಞೆ ಬಂತು. ಆ ತಡೆ ಕೆಲವು ತಿಂಗಳಲ್ಲಿ ತೆರವಾಯ್ತು, 2019ರ ಜನವರೀಲಿ ಸುಪ್ರೀಂ ಕೋರ್ಟ್ ತಡೀತು, ಆಮೇಲೆ ಮತ್ತೆ ನೀರು ಹರೀತು. ಊರಿನೋರಿಗೆ ಕಂಡಿದ್ದು ಇಷ್ಟೇ, ನೀರು ಬಂತು, ನಿಂತ್ತು, ಬಂತು, ನಿಂತ್ತು. ಯಾಕೆ ಅಂತ ಪೇಪರ್ ನೋಡಿ ತಿಳ್ಕೋಬೇಕಿತ್ತು.

ನೊರೆ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಡೀ ಜಗಳ ಇದರ ಮೇಲೇ ನಿಂತಿದೆ. ನಾವು ಬಟ್ಟೆಗೆ, ಪಾತ್ರೆಗೆ ಹಾಕೋ ಸೋಪಿನ ಪುಡಿ ಲಿಕ್ವಿಡ್ಡಲ್ಲಿ ಇರೋ ಸರ್ಫ್ಯಾಕ್ಟೆಂಟ್ ಅನ್ನೋ ಅಂಶ ನೀರಲ್ಲಿ ಚೂರು ಉಳಿದಿದ್ರೂ ಸಾಕು, ಆ ನೀರು ಎತ್ತರದಿಂದ ಬಿದ್ದು ಗಾಳಿ ಸೇರ್ಕೊಂಡಾಗ ನೊರೆ ಏಳುತ್ತೆ. ಹಾಗಾಗಿ ನೊರೆ ಕಂಡ ಮಾತ್ರಕ್ಕೆ ಇದು ಕಚ್ಚಾ ಕೊಳಚೆ ಅಂತ ಹೇಳೋಕಾಗಲ್ಲ. ಆದ್ರೆ ಟ್ರೀಟ್ ಆಗದ ಕೊಳಚೆ ಸೇರ್ಕೊಂಡಿದ್ರೂ ನೊರೆ ಬಂದೇ ಬರುತ್ತೆ. ಎರಡರಲ್ಲಿ ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳೋಕೆ ಯಾರಿಂದಾನೂ ಆಗಲ್ಲ, ಆಫೀಸರ್‌ನಿಂದಾನೂ ಆಗಲ್ಲ, ಹೋರಾಟಗಾರರಿಂದಾನೂ ಆಗಲ್ಲ. ಟೆಸ್ಟ್ ಮಾಡ್ಬೇಕು. ಟೆಸ್ಟಲ್ಲಿ ಎಲ್ಲಾರೂ ಮೊದ್ಲು ಕೇಳೋದು ಬಿಒಡಿ, ನೀರಲ್ಲಿರೋ ಕೊಳೆಯನ್ನ ತಿನ್ನೋಕೆ ಬ್ಯಾಕ್ಟೀರಿಯಾಗೆ ಎಷ್ಟು ಆಮ್ಲಜನಕ ಬೇಕು ಅನ್ನೋ ಲೆಕ್ಕ ಅದು. ನಮ್ಮ ದೇಶದ ಪದ್ಧತೀಲಿ ಸ್ಯಾಂಪಲ್ ಬಾಟ್ಲಿನ 27 ಡಿಗ್ರೀಲಿ ಮೂರು ದಿನ ಇಡ್ತಾರೆ, ಆಮೇಲೇ ಅಂಕಿ ಸಿಗೋದು. ಮೂರು ದಿನ ಅಂದ್ರೆ ಪೂರ್ತಿ ಹರಿಯೋ ಲೆಕ್ಕದಲ್ಲಿ 132 ಕೋಟಿ ಲೀಟರ್ ನೀರು ಆಗ್ಲೇ ಕೆರೆಗೆ ಬಂದು ಮುಂದಿನ ಕೆರೆಗೆ ಕೋಡಿ ಬಿದ್ದಾಯ್ತು. ಸ್ಯಾಂಪಲ್ ತಗೊಂಡ ದಿನ ಪ್ಲಾಂಟ್ ಚೆನ್ನಾಗಿ ನಡೀತಿತ್ತಾ, ಹಿಂದಿನ ರಾತ್ರಿ ಕರೆಂಟ್ ಹೋಗಿ ಟ್ಯಾಂಕಿಗೆ ಗಾಳಿ ಊದೋ ಬ್ಲೋವರ್ ನಿಂತಿತ್ತಾ, ಅದೂ ಅಂಕೀಲಿ ಬರಲ್ಲ. ಹಂಗಾಗಿ ತಿಂಗಳಿಗೊಂದು ರಿಪೋರ್ಟ್ ಇದೆ ನೋಡಿ ಎಲ್ಲಾ ಸರಿ ಇದೆ ಅಂತ ಒಬ್ಬರು ಅಂದ್ರೆ, ನಾನು ಮೊನ್ನೆ ಕಣ್ಣಾರೆ ನೊರೆ ನೋಡಿದೀನಿ ಅಂತ ಇನ್ನೊಬ್ರು ಅಂದ್ರೆ, ಇಬ್ರೂ ನಿಜಾನೇ ಹೇಳ್ತಿರ್ಬೋದು.

ಇನ್ನು ಪ್ಲಾಂಟಲ್ಲಿ ಏನಾಗುತ್ತೆ ಅನ್ನೋದು. ಮೊದ್ಲು ಜಾಲರೀಲಿ ಪ್ಲಾಸ್ಟಿಕ್ಕು ಬಟ್ಟೆ ಎಲ್ಲಾ ತೆಗೀತಾರೆ, ಮರಳು ಇಳಿಸ್ತಾರೆ, ತೊಟ್ಟೀಲಿ ಕೆಸರು ತಳ ಸೇರುತ್ತೆ, ಆಮೇಲೆ ಗಾಳಿ ಊದೋ ದೊಡ್ಡ ಟ್ಯಾಂಕಲ್ಲಿ ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತೆ, ಅದನ್ನ ಮತ್ತೆ ತಳ ಸೇರ್ಸಿ ಮೇಲಿನ ತಿಳಿ ನೀರನ್ನ ಕ್ಲೋರಿನ್ ಹಾಕಿ ಬಿಡ್ತಾರೆ. ಇಲ್ಲೀವರೆಗೆ ಎರಡನೇ ಹಂತ. ಕೋಲಾರಕ್ಕೆ ಹೋಗೋದು ಈ ಎರಡನೇ ಹಂತದ ನೀರು. ಇದ್ರಲ್ಲಿ ವಾಸನೆ, ಕೊಳೆ ಬಹಳಷ್ಟು ಹೋಗುತ್ತೆ, ಆದ್ರೆ ನೈಟ್ರೇಟು ಫಾಸ್ಫೇಟು ಇದಕ್ಕಂತಾನೇ ಬೇರೆ ವ್ಯವಸ್ಥೆ ಇಲ್ದಿದ್ರೆ ಗಣನೀಯವಾಗಿ ಉಳಿಯುತ್ತೆ, ಅದೇ ಕೆರೇಲಿ ಪಾಚಿ, ಅಂತರಗಂಗೆ ಬೆಳೆಯೋಕೆ ಗೊಬ್ಬರ. ಹೀಗೆ ಉಳಿದಿದ್ದನ್ನ ತೆಗೆಯೋ ಮೂರನೇ ಹಂತವೂ ಮಾಡಿ ಕೊಡಿ ಅನ್ನೋದೇ ಹೋರಾಟಗಾರರ ಮುಖ್ಯ ಬೇಡಿಕೆ. ಸರ್ಕಾರದ ಕಡೆ ವಾದ ಏನಪ್ಪಾ ಅಂದ್ರೆ, ಈ ನೀರು ಕುಡಿಯೋಕೆ ಅಲ್ಲ, ನೇರ ಬೆಳೆಗೂ ಅಲ್ಲ, ಕೆರೆ ತುಂಬಿ ಭೂಮಿಗೆ ಇಂಗಿ ಅಂತರ್ಜಲ ಏರ್ಲಿ ಅಂತ, ಮಣ್ಣೇ ಸೋಸುತ್ತೆ ಅಂತ. ವಾದದಲ್ಲಿ ಅರ್ಧ ಹುರುಳಿದೆ. ಮಣ್ಣಿನ ಪದರ ಬ್ಯಾಕ್ಟೀರಿಯಾನ ತಕ್ಕಮಟ್ಟಿಗೆ ಹಿಡಿಯುತ್ತೆ, ನೈಟ್ರೇಟ್ ಮಾತ್ರ ನೀರಿನ ಜೊತೆ ಸಲೀಸಾಗಿ ಇಳಿಯುತ್ತೆ, ಮೇಲಾಗಿ ಕೋಲಾರದ್ದು ಗಟ್ಟಿ ಬಂಡೆ ನೆಲ, ಬಿರುಕು ಸಿಕ್ಕಿದ ಕಡೆ ನೀರು ಸೋಸೋಕೆ ಟೈಮೇ ಇಲ್ದೆ ಕೆಳಗೆ ಓಡುತ್ತೆ. ಇಷ್ಟನ್ನ ಒಂದು ಗ್ರಾಮಸಭೇಲಿ ಅರ್ಧ ಗಂಟೇಲಿ ಹೇಳ್ಬೋದು, ಬೋರ್ ಕೊರೆಸಿ ಕೊರೆಸಿ ನೆಲದ ಪದರ ಬಾಯಿಪಾಠ ಆಗಿರೋ ರೈತರಿಗೆ ಇದು ಕಷ್ಟದ ವಿಷ್ಯವೇ ಅಲ್ಲ.

ಹಾಗಂತ ಪ್ರಯೋಜನ ಆಗಿಲ್ಲ ಅನ್ನೋದು ಅಪ್ಪಟ ಸುಳ್ಳು. ನೀರು ಬಂದ ಕೆರೆಗಳ ಸುತ್ತಮುತ್ತ ಬತ್ತಿದ್ದ ಬೋರ್‌ಗಳಲ್ಲಿ ನೀರು ಬಂದಿದೆ, ಐಐಎಸ್‌ಸಿಯೋರು ಮಾಡಿದ ಅಧ್ಯಯನದಲ್ಲೂ ಅಂತರ್ಜಲ ಏರಿದ್ದು ದಾಖಲಾಗಿದೆ. ನರಸಾಪುರ ಕಡೆ ಹೋಗಿ ನೋಡಿ, ಹತ್ತಿಪ್ಪತ್ತು ವರ್ಷ ಕ್ರಿಕೆಟ್ ಆಡೋ ಮೈದಾನ ಆಗಿದ್ದ ಕೆರೆಗಳಲ್ಲಿ ಈಗ ಕೊಕ್ಕರೆ, ಮೀನು ಹಿಡಿಯೋರ ತೆಪ್ಪ. ಇಷ್ಟು ವರ್ಷ ನೀರಿಲ್ದೆ ಸತ್ತಿದ್ದೋರಿಗೆ "ನೀರ್ ಬಂತಲ್ಲಪ್ಪಾ, ಇನ್ನೇನ್ ಬೇಕು" ಅನ್ನಿಸೋದು ಸಹಜಾನೇ, ಆ ಮಾತನ್ನ ಅಜ್ಞಾನ ಅಂತ ತಳ್ಳಿಹಾಕೋ ನಗರದ ಪರಿಸರವಾದಿಗಳ ಧಾಟಿ ನಂಗಂತೂ ಹಿಡಿಸಲ್ಲ. ಅದೇ ರೀತಿ ಭಯ ಪಡೋರನ್ನೆಲ್ಲ ಅಭಿವೃದ್ಧಿ ವಿರೋಧಿಗಳು ಅನ್ನೋ ರಾಜಕಾರಣಿಗಳ ಧಾಟೀನೂ ಅಷ್ಟೇ.

ಸರಿ, ಊರಿನೋನೊಬ್ಬನಿಗೆ ಕೆರೆ ನೀರಲ್ಲಿ ವಾಸನೆ ಬಂತು ಅಂತ ಇಟ್ಕೊಳ್ಳಿ. ಯಾರಿಗೆ ಹೇಳ್ಬೇಕು? ನೀರು ಶುದ್ಧೀಕರಿಸೋದು ಬೆಂಗಳೂರು ಜಲಮಂಡಳಿ. ಪಂಪ್ ಮಾಡಿ ಕೆರೆಗೆ ತರೋದು ಸಣ್ಣ ನೀರಾವರಿ ಇಲಾಖೆ. ಗುಣಮಟ್ಟ ನೋಡೋದು ಮಾಲಿನ್ಯ ನಿಯಂತ್ರಣ ಮಂಡಳಿ. ಕೆರೆ ಊರಿನ ಪಂಚಾಯ್ತಿ ಮಡಿಲಲ್ಲಿ, ಮೀನು ಹರಾಜು ಇನ್ನೊಂದು ಇಲಾಖೆ. ಜಲಮಂಡಳಿಗೆ 1916 ಅಂತ ಹೆಲ್ಪ್‌ಲೈನ್ ಇದೆ, ಬೆಂಗಳೂರಿನೋರಿಗೆ ಮ್ಯಾನ್‌ಹೋಲ್ ಉಕ್ಕಿದ್ರೆ ಅದು ಉಪಯೋಗಕ್ಕೆ ಬರುತ್ತೆ, ವಾಟರ್ ಅದಾಲತ್, ಫೋನ್ ಇನ್ ಕೂಡ ನಡೆಸಿದ್ದಾರೆ, ಅದನ್ನ ಒಪ್ಕೋಬೇಕು. ಆದ್ರೆ ಅಲ್ಲೆಲ್ಲ ಮಾತು ಶುರುವಾಗೋದೇ ನಿಮ್ಮ ಆರ್‌ಆರ್ ನಂಬರ್ (ಬಿಲ್ಲಲ್ಲಿರೋ ಕನೆಕ್ಷನ್ ನಂಬರ್) ಎಷ್ಟು, ಯಾವ ಸಬ್ ಡಿವಿಜನ್ ಅಂತ. ಲಕ್ಷ್ಮೀಸಾಗರದೋನಿಗೆ ಎಲ್ಲಿಯ ಆರ್‌ಆರ್ ನಂಬರ್ ಸ್ವಾಮಿ. 1964ರಲ್ಲಿ ಕಾಯ್ದೆ ಮಾಡಿ ಕಟ್ಟಿದ ಈ ಮಂಡಳಿಯ ಹೊಣೆ ಬೆಂಗಳೂರಿನದ್ದು, ಅದರ ಪುಸ್ತಕದಲ್ಲಿ ಗ್ರಾಹಕ ಅಂದ್ರೆ ನಲ್ಲಿ ಕನೆಕ್ಷನ್ ಇರೋನು. ಕೋಲಾರದೋನು ನೀರು ತಗೋಳೋನೇ ಹೊರತು ಗ್ರಾಹಕ ಅಲ್ಲ. ಇಡೀ ಪ್ರಕರಣದಲ್ಲಿ ನಂಗೆ ಅತಿ ದೊಡ್ಡ ತೂತು ಅಂತ ಕಾಣೋದು ಇದು, ನೊರೆ ಎಲ್ಲಾ ಆಮೇಲೆ. ನೂರಾರು ಕೆರೆಗೆ ನೀರು ಬಿಡೋ ಸಂಸ್ಥೆಗೆ ಆ ಕೆರೆಗಳ ಜನದ ಜೊತೆ ಕಾನೂನಿನ ಪ್ರಕಾರ ಯಾವ ಸಂಬಂಧಾನೂ ಇಲ್ಲ.

ಸಂಬಂಧ ಇಲ್ದಿರೋ ಕಡೆ ಮಾಹಿತಿ ಹೇಗೆ ಹರಿಯುತ್ತೆ ಅಂದ್ರೆ, ಕೋರ್ಟಿಗೆ ಅಫಿಡವಿಟ್ ಆಗಿ, ಇಲಾಖೆಯಿಂದ ಇಲಾಖೆಗೆ ಪತ್ರ ಆಗಿ, ಪ್ರೆಸ್ ನೋಟ್ ಆಗಿ. ರಿಪೋರ್ಟುಗಳು ಇಲ್ವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಎಲ್ಲಾ ಇಂಗ್ಲಿಷಲ್ಲಿ, ಮಿಲಿಗ್ರಾಂ ಪರ್ ಲೀಟರಲ್ಲಿ, ಕೆರೆ ಏರಿ ಮೇಲೆ ನಿಂತೋನ ಕೈಗೆ ಸಿಗದ ಜಾಗದಲ್ಲಿ. ಅಂಕಿ ಸಿಕ್ಕಿದ್ರೂ ಯಾವುದಕ್ಕೆ ಹೋಲಿಸಬೇಕು ಅನ್ನೋದೇ ಗೊಂದಲ. 2017ರ ಅಕ್ಟೋಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ನಿಯಮದಲ್ಲಿ ಮಹಾನಗರದ ಎಸ್‌ಟಿಪಿಗೆ ಬಿಒಡಿ ಲೀಟರಿಗೆ 20 ಮಿಲಿಗ್ರಾಂ, ಉಳಿದ ಕಡೆ 30 ಅಂತ ಇತ್ತು, 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಎನ್‌ಜಿಟಿ) ಅದು ಸಾಲದು 10ಕ್ಕೆ ಇಳಿಸಿ ಅಂತು. ಅಂದ್ರೆ ಒಂದೇ ಬಾಟ್ಲಿ ನೀರು, 15 ಬಂತು ಅಂದ್ಕೊಳ್ಳಿ, ಒಬ್ಬ ಆಫೀಸರ್ ಲೆಕ್ಕದಲ್ಲಿ ಪಾಸು, ಹೋರಾಟಗಾರನ ಲೆಕ್ಕದಲ್ಲಿ ಫೇಲು. ಈ ಖಾಲಿ ಜಾಗಕ್ಕೆ ವಾಟ್ಸಾಪ್ ಬಂತು. ಎಲ್ಲಿಯದೋ ನೊರೆ ವಿಡಿಯೋ ನಮ್ಮೂರ ಕೆರೆ ಅಂತ, ಹಳೇ ಫೋಟೋ ಇವತ್ತಿಂದು ಅಂತ, ಕೋಲಾರದ ತರಕಾರಿ ತಿಂದ್ರೆ ಕ್ಯಾನ್ಸರ್ ಅಂತ. ಕೊನೇದು ಬರೀ ಗಾಳಿಮಾತು ಅಂತ ಬಿಡೋ ಹಾಗಿಲ್ಲ, ಯಾಕಂದ್ರೆ ಕೋಲಾರದ ಟೊಮೆಟೊ ಮಾರ್ಕೆಟ್ ಏಷ್ಯಾದ ದೊಡ್ಡ ಮಾರ್ಕೆಟ್ಟುಗಳಲ್ಲಿ ಒಂದು, ಹೆಸರು ಕೆಟ್ರೆ ರೇಟು ಬೀಳೋದು ರೈತಂದೇ. ಅನುಮಾನ ಕ್ಲಿಯರ್ ಮಾಡೋ ಅಂಕಿ ಇಟ್ಕೊಂಡೋರು ಮಾತಾಡ್ಲಿಲ್ಲ, ಅಂಕಿ ಇಲ್ದೋರು ಮಾತಾಡಿದ್ರು.

ಷರತ್ತುಗಳ ವಿಷ್ಯದಲ್ಲೂ ಇದೇ ಕಥೆ. ಕೆರೆಗೆ ನೇರ ಮೋಟಾರ್ ಇಟ್ಟು ನೀರೆತ್ತಬಾರದು ಅನ್ನೋದು ಯೋಜನೆಯ ಮುಖ್ಯ ಷರತ್ತು. ಯಾಕೆ ಅನ್ನೋದಕ್ಕೆ ಎರಡು ಕಾರಣ ಇದೆ, ಮೇಲಿನ ಕೆರೇಲೇ ಎತ್ತಿಬಿಟ್ರೆ ಕೆಳಗಿನ ಊರಿಗೆ ಕೋಡಿ ಬೀಳಲ್ಲ ಅನ್ನೋದು ಒಂದು, ಎರಡನೇ ಹಂತದ ನೀರನ್ನ ಹಸಿಯಾಗಿ ತಿನ್ನೋ ಸೊಪ್ಪು ತರಕಾರಿ ಮೇಲೆ ಹರಿಸೋದು ಒಳ್ಳೇದಲ್ಲ ಅನ್ನೋದು ಇನ್ನೊಂದು. ಜನಕ್ಕೆ ಹೇಳಿದ್ದು ಹೆಚ್ಚಾಗಿ ಮೊದಲನೇದು, ಅದೂ ಕಾನೂನು ಕ್ರಮ ಕೈಗೊಳ್ತೀವಿ ಅನ್ನೋ ಧಾಟೀಲಿ. ಎರಡನೇದು ಹೇಳಿದ್ರೆ ನೀರು ಸರಿ ಇಲ್ಲ ಅಂತ ನಾವೇ ಒಪ್ಕೊಂಡ ಹಾಗೆ ಆಗುತ್ತೆ ಅನ್ನೋ ಅಂಜಿಕೆ ಇರ್ಬೋದು, ಇದು ನನ್ನ ಊಹೆ. ಆದ್ರೆ ಕಾರಣ ಗೊತ್ತಿಲ್ದೆ ಇದ್ರೆ ರೈತ ಏನು ಅಂದ್ಕೋತಾನೆ, ಕಣ್ಣೆದುರು ನೀರು ತುಂಬಿದೆ, ಪಕ್ಕದಲ್ಲಿ ಬೆಳೆ ಒಣಗ್ತಿದೆ, ಸರ್ಕಾರ ಬೇಡ ಅಂತಿದೆ, ಇವ್ರಿಗೇನು ಹೊಟ್ಟೆಕಿಚ್ಚು ಅಂತ ರಾತ್ರಿ ಮೋಟಾರ್ ಇಡ್ತಾನೆ.

ಹೊರಗಿನ ಎರಡು ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತೆ. ಆಸ್ಟ್ರೇಲಿಯಾದ ಟುವೂಂಬಾ ಅನ್ನೋ ಊರಲ್ಲಿ ಭೀಕರ ಬರ ಇದ್ದಾಗಲೇ, 2006ರಲ್ಲಿ, ಕೊಳಚೆ ನೀರನ್ನ ಶುದ್ಧಮಾಡಿ ಕುಡಿಯೋ ನೀರಿಗೆ ಸೇರಿಸೋ ಯೋಜನೆ ಜನಮತಕ್ಕೆ ಹಾಕಿದ್ರೆ ಸುಮಾರು 62 ಪರ್ಸೆಂಟ್ ಜನ ಬೇಡ ಅಂದ್ರು. ತಂತ್ರಜ್ಞಾನ ನಮ್ಮದಕ್ಕಿಂತ ಎಷ್ಟೋ ಮೇಲಿತ್ತು, ಆದ್ರೆ ಜನಕ್ಕೆ ವಿವರ ಮುಟ್ಟೋ ಹೊತ್ತಿಗೆ ವಿರೋಧದ ಪ್ರಚಾರ ಮನೆಮನೆಗೆ ಮುಟ್ಟಿತ್ತು. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟೀಲಿ ಉಲ್ಟಾ ಮಾಡಿದ್ರು, 2008ರಲ್ಲಿ ಪ್ಲಾಂಟ್ ಶುರು ಆಗೋಕೆ ವರ್ಷಗಟ್ಲೆ ಮುಂಚೇನೇ ಸಂಘ ಸಂಸ್ಥೆ, ಡಾಕ್ಟರುಗಳು, ಊರಿನ ಮುಖಂಡರು ಎಲ್ಲರ ಹತ್ರ ಹೋಗಿ ಕೂತ್ರು, ಈಗ್ಲೂ ಯಾರು ಬೇಕಾದ್ರೂ ಹೋಗಿ ಪ್ಲಾಂಟ್ ನೋಡ್ಬೋದು, ಕೊನೇ ನಲ್ಲಿ ನೀರು ಕುಡಿದೂ ನೋಡ್ಬೋದು. ಅಲ್ಲಿ ಆರ್‌ಓ, ಯುವಿ ಎಲ್ಲಾ ದಾಟಿದ ನೀರು ಭೂಮಿಗೆ ಇಳಿಯೋದು, ನಮ್ಮಲ್ಲಿ ಎರಡನೇ ಹಂತಕ್ಕೇ ಮುಗೀತು, ಅದನ್ನ ಮರೆತು ಹೋಲಿಕೆ ಮಾಡೋದು ತಪ್ಪು. ಆದ್ರೆ ಟ್ರೀಟ್‌ಮೆಂಟ್ ಕಮ್ಮಿ ಇರೋ ಕಡೆ ಮಾಹಿತಿ ಇನ್ನೂ ಜಾಸ್ತಿ ಬೇಕು ಅಲ್ವಾ.

ಇಲ್ಲೀವರೆಗೆ ಕೋಲಾರದ ಕಡೆ ನೋಡಿದ್ವಿ. ಬೆಂಗಳೂರಿನ ಕಡೆ ಮಾಹಿತಿ ಕೊರತೆ ಇನ್ನೂ ಹೆಚ್ಚು, ಯಾರೂ ಅದರ ಬಗ್ಗೆ ಮಾತಾಡಲ್ಲ. ಕಾವೇರಿ ಎಲ್ಲಿಂದ ಬರುತ್ತೆ ಅಂತ ಬೆಂಗಳೂರಿನ ಪ್ರತಿ ಮಗುಗೂ ಗೊತ್ತು, ನೀರು ಪಂಪ್ ಮಾಡೋ ಟಿಕೆ ಹಳ್ಳಿ, ಕಾವೇರಿ ಐದನೇ ಹಂತ, ನಗರಕ್ಕೆ ಸೇರಿದ 110 ಹಳ್ಳಿ ಎಲ್ಲಾ ನ್ಯೂಸಲ್ಲಿ ಬರುತ್ತೆ. ಫ್ಲಶ್ ಮಾಡಿದ್ದು ಎಲ್ಲಿಗೆ ಹೋಗುತ್ತೆ ಕೇಳಿ, ಚರಂಡಿಗೆ ಅಂತಾರೆ, ಅಲ್ಲಿಗೆ ಮುಗೀತು. ಕರಿದ ಎಣ್ಣೆ, ಪೇಂಟ್ ತೊಳೆದ ನೀರು, ಸಣ್ಣ ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡಿನ ಆಸಿಡ್ ನೀರು, ಗ್ಯಾರೇಜ್ ಗ್ರೀಸು, ಇವೆಲ್ಲ ಮನೆ ಕೊಳಚೆ ಜೊತೆ ಸೇರಿದ್ರೆ ಎಸ್‌ಟಿಪಿಯ ಬ್ಯಾಕ್ಟೀರಿಯಾಗೇ ಪೆಟ್ಟು, ಭಾರ ಲೋಹ ಸ್ವಲ್ಪ ಕೆಸರಲ್ಲಿ ಉಳೀಬೋದು, ಸ್ವಲ್ಪ ನೀರಿನ ಜೊತೆ ಹೋಗ್ಬೋದು. ಆ ನೀರಲ್ಲಿ ಅಂತರ್ಜಲ ಏರಿ, ಅದೇ ಬೋರ್ ನೀರಲ್ಲಿ ಬೆಳೆದ ಟೊಮೆಟೊ, ಸೊಪ್ಪು, ಅದೇ ಹುಲ್ಲು ತಿಂದ ಹಸುವಿನ ಹಾಲು ಬೆಳಗಾಗೋದ್ರೊಳಗೆ ಮತ್ತೆ ಇಂದಿರಾನಗರದ ಅಂಗಡೀಲಿ. ಬಿಲ್ಲಿನ ಹಿಂದೆ ನಾಲ್ಕು ಸಾಲು ಕನ್ನಡದಲ್ಲಿ ಅಚ್ಚು ಹಾಕಿದ್ರೂ ಸಾಕು, ನಿಮ್ಮ ಮನೆ ನೀರು ಇಂಥ ಪ್ಲಾಂಟಿಗೆ, ಅಲ್ಲಿಂದ ಇಂಥ ಕೆರೆಗೆ ಅಂತ. ಸಿಂಕಿಗೆ ಎಣ್ಣೆ ಸುರಿಯೋಕೆ ಮುಂಚೆ ಹತ್ತರಲ್ಲಿ ಇಬ್ರಾದ್ರೂ ಯೋಚ್ನೆ ಮಾಡ್ತಾರೆ.

ಹೆಬ್ಬಾಳ ನಾಗವಾರ ಕಣಿವೆಯ 210 ಎಂಎಲ್‌ಡಿ ಯೋಜನೆ ಇದೇ ಮಾದರೀಲಿ ಚಿಕ್ಕಬಳ್ಳಾಪುರ ಕಡೆಗೆ ಹೋಗಿದೆ. ಈಗ ವೃಷಭಾವತಿ ಕಣಿವೆ ನೀರನ್ನ ನೆಲಮಂಗಲ, ತುಮಕೂರು ಕಡೆ ಕೆರೆಗಳಿಗೆ ಒಯ್ಯೋ ಕೆಲ್ಸ. ವೃಷಭಾವತಿ ಅಂದ್ರೆ ಪೀಣ್ಯ, ರಾಜಾಜಿನಗರ ಕೈಗಾರಿಕೆಗಳ ದಾರಿ, ಕೆಸಿ ವ್ಯಾಲಿಗಿಂತ ಸೂಕ್ಷ್ಮ. ಆ ಕಡೆ ಊರಿನೋರು ಪೂಜೆಗೆ ಬಾಗಿನ ತಯಾರು ಮಾಡ್ಕೊಳ್ಳೋ ಮುಂಚೆ ಗ್ರಾಮಸಭೇಲಿ ಕೇಳಿ ಠರಾವು ಬರೆಸಿಕೊಳ್ಳಿ: ಪೈಪ್ ಬಾಯಿ ಹತ್ರ ಮೀಟರ್ ಇಟ್ಟು ಪಿಎಚ್, ಕರಗಿದ ಆಮ್ಲಜನಕ, ನೀರಿನ ಮಬ್ಬು ಇಷ್ಟನ್ನಾದ್ರೂ ದಿನಾ ಕನ್ನಡದ ಬೋರ್ಡ್ ಮೇಲೆ ಬರೀಬೇಕು, ಬಿಒಡಿ ರಿಪೋರ್ಟ್ ಬಂದ ದಿನ ಪಂಚಾಯ್ತಿ ಗೋಡೆಗೆ ಅಂಟಿಸ್ಬೇಕು, ಪಕ್ಕದಲ್ಲೇ ಎಷ್ಟಿರ್ಬೇಕು ಅನ್ನೋ ಮಿತಿ. ಪ್ಲಾಂಟ್ ಕೆಟ್ರೆ ಪಂಪ್ ಯಾರು ಆಫ್ ಮಾಡ್ತಾರೆ, ಎಷ್ಟು ಗಂಟೇಲಿ, ಅವ್ರ ಹುದ್ದೆ ಏನು, ಫೋನ್ ನಂಬರ್ ಏನು. ಸುತ್ತಲಿನ ಕುಡಿಯೋ ನೀರಿನ ಬೋರ್‌ಗಳನ್ನ ನೀರು ಬರೋ ಮುಂಚೆ ಒಂದ್ಸಲ ಟೆಸ್ಟ್ ಮಾಡ್ಸಿ ಇಟ್ಕೊಳ್ಳಿ, ಇದು ಎಲ್ಲದಕ್ಕಿಂತ ಮುಖ್ಯ, ಯಾಕಂದ್ರೆ ಮೊದಲ ಅಂಕಿ ಕೈಲಿಲ್ದೆ ಇದ್ರೆ ನಾಳೆ ನೈಟ್ರೇಟ್ ಜಾಸ್ತಿ ಬಂದಾಗ ಅದು ಮುಂಚೆನೇ ಇತ್ತು ಅಂತಾರೆ, ಕೋರ್ಟಲ್ಲಿ ನಿಮ್ಮ ಹತ್ರ ಉತ್ತರ ಇರಲ್ಲ.